ಪೂರ್ತಿ ಆಟ ಉಳಿದಿದ್ದರೆ

ತಿರ್ಲಾಪುರದ ಕಡೆ ಫುಟ್‌ಬಾಲ್ ಆಡುವವರು ಕಡಿಮೆ. ನವಲಗುಂದ ತಾಲ್ಲೂಕಿನ ಈ ಎರೆ ಸೀಮೆಯಲ್ಲಿ ಹುಡುಗರಿಗೆ ಕಬಡ್ಡಿ, ಕ್ರಿಕೆಟ್ ಬೇಕು. ಜಾತ್ರೆ ಬಂತೆಂದರೆ ಕುಸ್ತಿ, ಇಲ್ಲವೇ ಖಾಲಿ ಗಾಡಾ ಓಡಿಸುವ ಸ್ಪರ್ಧೆ. ಹಾಗಿದ್ದೂ ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಒಂದೇ ಗೋಲನ್ನು ಮತ್ತೆ ಮತ್ತೆ ನೋಡುತ್ತಿದ್ದ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುವವ, ರಜೆಗೆಂದು ಊರಿಗೆ ಬಂದಿದ್ದ.

"ಕಾಕಾ, ಈ ಗೋಲ್ ನೋಡ್ರಿ" ಅಂದ.

"ಯಾರೋ ಇಂವಾ?"

"ನಕಾಟಾ ಅಂತ. ಜಪಾನ್ ದಾಂವ. ಈಗ ಆಡಂಗಿಲ್ಲ, ಬಿಟ್ಟು ಭಾಳ ವರ್ಷ ಆತು."

ಹಿಡೆತೋಶಿ ನಕಾಟಾ ಆಟ ಬಿಟ್ಟಿದ್ದು 2006ರ ಜುಲೈ 3ರಂದು, ಬರೀ 29ನೇ ವಯಸ್ಸಿಗೆ. ಈ ಹುಡುಗ ಆಗ ಹುಟ್ಟಿಯೂ ಇರಲಿಲ್ಲ. ಆ ಆಟಗಾರ ಆಡಿದ ಒಂದು ಪಂದ್ಯವನ್ನೂ ನೇರಪ್ರಸಾರದಲ್ಲಿ ನೋಡಿದವನಲ್ಲ, ಜಪಾನ್ ಎಂದರೆ ಅವನಿಗೆ ಬೈಕು ಮತ್ತು ಬುಲೆಟ್ ರೈಲು. ಆದರೂ ನಕಾಟಾ ಯಾವ ಕ್ಲಬ್ಬಿನಿಂದ ಯಾವ ಕ್ಲಬ್ಬಿಗೆ ಹೋದರು ಎಂದು ಬಾಯಿಪಾಠ ಹೇಳುತ್ತಾನೆ. ಆಟ ಬಿಟ್ಟು ಎರಡು ದಶಕವಾಗುತ್ತಾ ಬಂದ ಮನುಷ್ಯ ನವಲಗುಂದ ತಾಲ್ಲೂಕಿನ ಹುಡುಗನ ಮನಸ್ಸಿನಲ್ಲಿ ಹೇಗೆ ಬಂದು ಕೂತರು? ಈ ಪ್ರಶ್ನೆ ಹಿಡಿದು ಹೋದರೆ ಅದು ನಮ್ಮ ಬೆಂಗಳೂರಿನ ಒಬ್ಬ ಆಟಗಾರನ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಅಲ್ಲಿಗೆ ಬರುವ ಮುಂಚೆ ಆ ಗೋಲನ್ನೊಮ್ಮೆ ಸರಿಯಾಗಿ ನೋಡಬೇಕು.

2001ರ ಮೇ 6, ಇಟಲಿಯ ಟ್ಯೂರಿನ್. ಯುವೆಂಟಸ್ ಮತ್ತು ರೋಮಾ ಲೀಗ್ ಪ್ರಶಸ್ತಿಗಾಗಿ ಹಣಾಹಣಿಗೆ ಇಳಿದಿವೆ. ಆಟ ಶುರುವಾಗಿ ಆರು ನಿಮಿಷ ಮುಗಿಯುವಷ್ಟರಲ್ಲಿ ಡೆಲ್ ಪಿಯೆರೊ ಒಂದು, ಜಿದಾನ್ ಒಂದು ಗೋಲು ಹೊಡೆದು ಯುವೆಂಟಸ್ 2-0 ಮುಂದಿದೆ. ದ್ವಿತೀಯಾರ್ಧದಲ್ಲಿ ರೋಮಾ ಕೋಚ್ ಕಪೆಲ್ಲೊ ಊರಿನವರ ಕಣ್ಮಣಿ ಟೊಟ್ಟಿಯನ್ನೇ ಹೊರಗೆ ಕರೆದು ನಕಾಟಾ ಅವರನ್ನು ಇಳಿಸುತ್ತಾರೆ. 79ನೇ ನಿಮಿಷಕ್ಕೆ ಗೋಲಿನಿಂದ ಬಹಳ ದೂರದಲ್ಲಿ ನಕಾಟಾಗೆ ಚೆಂಡು ಸಿಗುತ್ತದೆ. ಅವರು ಮುಂದೆ ನುಗ್ಗಿ ಬಲಗಾಲಿನಿಂದ ಬಾರಿಸಿದ ಹೊಡೆತ ಯುವೆಂಟಸ್‌ನ ಎತ್ತರದ ಗೋಲ್‌ಕೀಪರ್ ವಾನ್ ಡರ್ ಸಾರ್ ಹಾರಿದರೂ ಸಿಗದೆ ಮೇಲಿನ ಮೂಲೆ ಸೇರುತ್ತದೆ. ಕೊನೆಯ ಕ್ಷಣಗಳಲ್ಲಿ ಅವರದೇ ಇನ್ನೊಂದು ಹೊಡೆತವನ್ನು ಗೋಲ್‌ಕೀಪರ್ ಹಿಡಿಯಲಾರದೆ ತಳ್ಳಿದಾಗ, ಮೊಂಟೆಲ್ಲಾ ಅದನ್ನು ಒಳಗೆ ಹಾಕುತ್ತಾರೆ. ಪಂದ್ಯ 2-2. ಮುಂದಿನ ತಿಂಗಳು ರೋಮಾ ಚಾಂಪಿಯನ್ ಆಯಿತು. ಇನ್ನೊಂದು ಸಂಗತಿ ಬಹಳ ಜನ ಗಮನಿಸುವುದಿಲ್ಲ: ಐರೋಪ್ಯ ಒಕ್ಕೂಟದ ಹೊರಗಿನ ಆಟಗಾರರು ಒಂದು ಪಂದ್ಯದಲ್ಲಿ ಇಷ್ಟೇ ಇರಬೇಕು ಎಂದಿದ್ದ ನಿಯಮವನ್ನು ಇಟಲಿಯ ಫುಟ್‌ಬಾಲ್ ಸಂಸ್ಥೆ ಸಡಿಲಿಸಿದ್ದು ಆ ಪಂದ್ಯಕ್ಕೆ ಕೆಲವೇ ದಿನ ಮೊದಲು. ಹಳೆಯ ನಿಯಮವೇ ಇದ್ದಿದ್ದರೆ ನಕಾಟಾ ಅಂದು ಅಂಗಳಕ್ಕೆ ಇಳಿಯುವುದೇ ಕಷ್ಟವಿತ್ತು.

ಗೋಲಿನ ತುಣುಕು ಜನಪ್ರಿಯವಾಗುವುದು ಸಹಜ. ನನಗೆ ಆಶ್ಚರ್ಯವಾಗಿದ್ದು ಅದಾದ ಮೇಲೆ ಹುಡುಗ ತೋರಿಸಿದ ವಿಡಿಯೊ. ಅದರಲ್ಲಿ ಗೋಲೇ ಇಲ್ಲ. ನಕಾಟಾ ಚೆಂಡು ಪಡೆಯುವುದು, ಬೆನ್ನಿಗೆ ಬಿದ್ದ ಎದುರಾಳಿಯನ್ನು ಭುಜದಿಂದ ತಡೆದು ತಿರುಗುವುದು, ತಲೆ ಎತ್ತಿ ನೋಡುವುದು, ಚೆಂಡನ್ನು ಸರಿಯಾದ ಕಾಲಿಗೆ ದಾಟಿಸುವುದು, ಅಷ್ಟೇ. ಯಾರೋ ಅಭಿಮಾನಿ ಒಂದು ಇಡೀ ಪಂದ್ಯ ಕುಳಿತು ನೋಡಿ, ಅವರು ಚೆಂಡು ಮುಟ್ಟಿದ ಕ್ಷಣಗಳನ್ನಷ್ಟೇ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಹಿನ್ನೆಲೆಗೆ ಸಂಗೀತ ಹಾಕಿದ್ದಾನೆ. ಮಿಡ್‌ಫೀಲ್ಡರ್ ಒಬ್ಬರ ಜನಪ್ರಿಯತೆಯ ಗುಟ್ಟು ಇಲ್ಲಿದೆ. ಸ್ಟ್ರೈಕರ್‌ಗೆ ಇಷ್ಟೆಲ್ಲ ಬೇಕಿಲ್ಲ. ಅವನ ಕೆಲಸ ಗೋಲಿನಲ್ಲಿ ಮುಗಿಯುತ್ತದೆ, ಗೋಲನ್ನು ಎಲ್ಲರೂ ಉಳಿಸಿಕೊಳ್ಳುತ್ತಾರೆ. ಹಳೆಯ ಸುದ್ದಿವಾಹಿನಿಯ ಅರ್ಧ ನಿಮಿಷದ ವರದಿಯಲ್ಲೂ ಗೋಲು ಇರುತ್ತದೆ. ನಡು ಅಂಗಳದವನ ಕೆಲಸ ಗೋಲಿಗೆ ಮೂರು ಪಾಸು ಮುಂಚೆಯೇ ಮುಗಿದಿರುತ್ತದೆ. ಅದು ಮುಖ್ಯಾಂಶಗಳಲ್ಲಿ ಬರುವುದೇ ಇಲ್ಲ. ಪೂರ್ತಿ ಪಂದ್ಯದ ದಾಖಲೆ ಉಳಿದಿದ್ದರೆ ಮಾತ್ರ ಅವನು ಮುಂದಿನ ಪೀಳಿಗೆಗೆ ಸಿಗುತ್ತಾನೆ.

ನಕಾಟಾ ಅವರದು ಉಳಿದಿತ್ತು. ಜಪಾನಿನಲ್ಲಿ ವೃತ್ತಿಪರ ಜೆ-ಲೀಗ್ ಶುರುವಾಗಿದ್ದು 1993ರಲ್ಲಿ, ಆ ದೇಶ ಮೊದಲ ಸಲ ವಿಶ್ವಕಪ್ ಆಡಿದ್ದು 1998ರಲ್ಲಿ. ಆ ವಿಶ್ವಕಪ್ ಮುಗಿದ ಬೆನ್ನಿಗೇ 21 ವರ್ಷದ ನಕಾಟಾ ಇಟಲಿಯ ಪೆರುಜಾ ಸೇರಿ, ಮೊದಲ ಲೀಗ್ ಪಂದ್ಯದಲ್ಲೇ ಯುವೆಂಟಸ್ ವಿರುದ್ಧ ಎರಡು ಗೋಲು ಹೊಡೆದರು. 1997 ಮತ್ತು 1998, ಎರಡೂ ವರ್ಷ ಏಷ್ಯಾದ ವರ್ಷದ ಆಟಗಾರ. ಇಡೀ ದೇಶ ಒಬ್ಬ ಹುಡುಗನ ಬೆನ್ನು ಬಿದ್ದಿತು. ಪೆರುಜಾದಂಥ ಸಣ್ಣ ಊರಿನ ಪಂದ್ಯಗಳು ಜಪಾನಿನ ಮನೆಗಳ ಟೀವಿಗೆ ಬಂದವು, ಜನ ಅವನ್ನು ರೆಕಾರ್ಡ್ ಮಾಡಿಟ್ಟುಕೊಂಡರು. ಇಟಲಿಯ ಲೀಗ್ ಅಂದು ಜಗತ್ತಿನ ಬಹಳಷ್ಟು ದೇಶಗಳಿಗೆ ಪ್ರಸಾರವಾಗುತ್ತಿತ್ತು. ಯೂಟ್ಯೂಬ್ ಹುಟ್ಟಿದ್ದು 2005ರ ಫೆಬ್ರುವರಿಯಲ್ಲಿ, ನಕಾಟಾ ಅವರ ಆಟ ಮುಗಿಯುವ ಹೊತ್ತಿಗೆ. ಆದರೆ ಅದಕ್ಕೆ ಬೇಕಾದ ಸರಕು ಅಷ್ಟೊತ್ತಿಗೆ ಸಾವಿರಾರು ಮನೆಗಳ ಕಪಾಟಿನಲ್ಲಿ ಟೇಪುಗಳಾಗಿ ಕುಳಿತಿತ್ತು.

ಅವರ ಆಟದ ಆಚೆಗಿನ ಬದುಕೂ ಅಂತರ್ಜಾಲಕ್ಕೆ ಒಗ್ಗುವಂಥದ್ದು. ಪತ್ರಿಕೆಯವರೊಂದಿಗೆ ಅವರಿಗೆ ಅಷ್ಟಕ್ಕಷ್ಟೇ. ಹಾಗಾಗಿ 1998ರ ಹೊತ್ತಿಗೇ ತಮ್ಮ ಹೆಸರಿನ ಜಾಲತಾಣ ತೆರೆದು ಅಭಿಮಾನಿಗಳಿಗೆ ನೇರವಾಗಿ ಬರೆಯುತ್ತಿದ್ದರು. ನಿವೃತ್ತಿಯನ್ನು ಘೋಷಿಸಿದ್ದೂ ಅಲ್ಲಿಯೇ. ಅದಕ್ಕೆ ಕೆಲವು ದಿನ ಮೊದಲು, ಜೂನ್ 22ರಂದು, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಜಪಾನ್ ತಂಡ ಬ್ರೆಜಿಲ್‌ಗೆ 4-1ರಿಂದ ಸೋತು ವಿಶ್ವಕಪ್‌ನಿಂದ ಹೊರಬಿದ್ದಿತ್ತು. ಪಂದ್ಯ ಮುಗಿದು ಎಲ್ಲರೂ ಹೊರಟ ಮೇಲೂ ನಕಾಟಾ ನಡು ವೃತ್ತದಲ್ಲಿ ಅಂಗಾತ ಮಲಗಿಯೇ ಇದ್ದರು. ಆ ದೃಶ್ಯ ಇಂದಿಗೂ ಓಡಾಡುತ್ತಿದೆ. ಆಮೇಲೆ ಕೋಚ್ ಆಗಲಿಲ್ಲ, ಟೀವಿ ಪಂಡಿತನಾಗಿ ಕೂರಲಿಲ್ಲ. ದೇಶ ದೇಶ ಸುತ್ತಿದರು. ಬಳಿಕ ತಮ್ಮದೇ ನಾಡಿನ 47 ಪ್ರಾಂತ್ಯಗಳನ್ನು ವರ್ಷಗಟ್ಟಲೆ ತಿರುಗಿ ರೈತರನ್ನು, ಮಡಕೆ ಮಾಡುವವರನ್ನು, ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಮನೆತನಗಳನ್ನು ಕಂಡು ಮಾತಾಡಿಸಿದರು. 2015ರಲ್ಲಿ ಸಾಕೆ ವಹಿವಾಟಿನ ಕಂಪನಿಯನ್ನೇ ಕಟ್ಟಿದರು. ಫುಟ್‌ಬಾಲ್ ಗೊತ್ತಿಲ್ಲದವರಿಗೂ ಅವರ ಉಡುಗೆ ತೊಡುಗೆ ಗೊತ್ತು. ಕಂಪ್ಯೂಟರ್ ಆಟಗಳಲ್ಲಿ ಹಳೆಯ ದಿಗ್ಗಜರ ಸಾಲಿನಲ್ಲಿ ಅವರೂ ಇದ್ದಾರೆ, ನಮ್ಮ ಓಣಿಯ ಹುಡುಗನಿಗೆ ಮೊದಲು ಪರಿಚಯವಾಗಿದ್ದೇ ಅಲ್ಲಿ. ಆಟದಲ್ಲಿ ಸಿಕ್ಕ ಹೆಸರನ್ನು ಯೂಟ್ಯೂಬ್‌ನಲ್ಲಿ ಹುಡುಕಿದ. ಒಂದನ್ನು ಕೊನೆತನಕ ನೋಡಿದ್ದೇ ತಡ, ಅಂಥವೇ ಹತ್ತು ತುಣುಕುಗಳನ್ನು ಯೂಟ್ಯೂಬ್ ತಾನೇ ಅವನ ಮುಂದೆ ತಂದಿಟ್ಟಿತು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, 2020ರಲ್ಲಿ ಟಿಕ್‌ಟಾಕ್ ನಿಂತು ಅದರ ಜಾಗಕ್ಕೆ ರೀಲ್ಸ್, ಶಾರ್ಟ್ಸ್ ಬಂದವು. ಹೊಲದ ಬದುವಿನ ಮೇಲೆ ಕುಳಿತವನಿಗೂ ಇಟಲಿಯ ಹಳೆಯ ಪಂದ್ಯ ಸಿಗುವುದು ಇಷ್ಟೆಲ್ಲದರ ಫಲ.

ಕನ್ನಡಿಗರು ಇಂಥ ನಿವೃತ್ತಿಯ ನಂತರದ ಜನಪ್ರಿಯತೆಯನ್ನು ಕಂಡಿದ್ದು ರಾಹುಲ್ ದ್ರಾವಿಡ್ ಅವರಲ್ಲಿ. 2012ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದವರು. 2021ರ ಏಪ್ರಿಲ್‌ನಲ್ಲಿ, ಐಪಿಎಲ್ ಶುರುವಾಗುವ ಹೊತ್ತಿಗೆ, ಕ್ರೆಡ್ ಕಂಪನಿಯ ಜಾಹೀರಾತೊಂದು ಬಂತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ದ್ರಾವಿಡ್ ಸಿಟ್ಟಿಗೆದ್ದು, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆದು, ಕಾರಿನ ಮೇಲ್ಛಾವಣಿಯಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಕೂಗುತ್ತಾರೆ. ಇಡೀ ದೇಶ ನಕ್ಕಿತು. ದ್ರಾವಿಡ್ ಕೋಪ ಮಾಡಿಕೊಂಡಿದ್ದನ್ನು ಕಂಡವರು ಬಹಳ ಕಡಿಮೆ, ಅದೇ ಅದರ ಜೀವಾಳ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಾಗ, ಕೋಚ್ ಆಗಿದ್ದ ಅವರ ಕೈಗೆ ಕೊಹ್ಲಿ ಕಪ್ ಕೊಟ್ಟರು. ಅವರು ಅದನ್ನು ಎತ್ತಿ ಹಿಡಿದು ಗಟ್ಟಿಯಾಗಿ ಅರಚಿದ ತುಣುಕೂ ಕೋಟ್ಯಂತರ ಮೊಬೈಲುಗಳಲ್ಲಿ ಓಡಿತು. ಇಷ್ಟಾಗಿ ಅವರು ಸಾಮಾಜಿಕ ಜಾಲತಾಣಗಳಿಂದ ದೂರವೇ ಉಳಿದವರು.

ದ್ರಾವಿಡ್ ಅವರ ಕೆಲಸವೂ ಒಂದರ್ಥದಲ್ಲಿ ಮಿಡ್‌ಫೀಲ್ಡರನ ಕೆಲಸವೇ. ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದರು, ಅಷ್ಟು ಎಸೆತಗಳನ್ನು ಬೇರೆ ಯಾರೂ ಎದುರಿಸಿಲ್ಲ. ಅವುಗಳಲ್ಲಿ ಬಹುಪಾಲು ಬಿಟ್ಟದ್ದು, ತಡೆದದ್ದು. ಮುಖ್ಯಾಂಶಗಳಲ್ಲಿ ಬಿಟ್ಟ ಚೆಂಡಿಗೆ ಜಾಗವಿಲ್ಲ. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18 ರನ್ನಿನಿಂದ 19ಕ್ಕೆ ಹೋಗಲು ಅವರಿಗೆ 40 ಎಸೆತ ಹಿಡಿದವು. ಆ ಒಂದು ರನ್ ಬಂದಾಗ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು. ಆ 40 ಎಸೆತ ನೋಡದವನಿಗೆ ಆ ಚಪ್ಪಾಳೆಯ ಅರ್ಥ ಆಗುವುದಿಲ್ಲ. ಕ್ರಿಕೆಟ್‌ನಲ್ಲಿ ದುಡ್ಡಿತ್ತು, ವಾಹಿನಿಗಳಿಗೆ ಆಸಕ್ತಿಯಿತ್ತು, ಪಂದ್ಯಗಳು ಚೆಂಡು ಚೆಂಡಾಗಿ ಉಳಿದವು. ಹಾಗಾಗಿ ಜಾಹೀರಾತು ನೋಡಿ ನಕ್ಕ ಹದಿನೈದರ ಹುಡುಗ, ಈ ಮನುಷ್ಯ ನಿಜಕ್ಕೂ ಹೇಗೆ ಆಡುತ್ತಿದ್ದರು ಎಂದು ಹುಡುಕಿದರೆ 2003ರ ಅಡಿಲೇಡ್ ಸಿಗುತ್ತದೆ: ಮೊದಲ ಇನಿಂಗ್ಸ್‌ನಲ್ಲಿ 233, ಎರಡನೆಯದರಲ್ಲಿ ಔಟಾಗದೆ 72. ನಗು ಒಳಗೆ ಕರೆತರುತ್ತದೆ, ಪೂರ್ತಿ ಆಟ ಅವನನ್ನು ಕೂರಿಸುತ್ತದೆ.

ಈಗ ಬೆಂಗಳೂರಿನ ಆ ಇನ್ನೊಬ್ಬ ಆಟಗಾರ. ಕಾರ್ಲ್ಟನ್ ಚಾಪ್ಮನ್.

1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ನಕಾಟಾ ಅವರಿಗಿಂತ ಆರು ವರ್ಷ ದೊಡ್ಡವರು, ಅವರಂತೆಯೇ ಮಿಡ್‌ಫೀಲ್ಡರ್. ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಗ್ಗುಬಡಿಯಿತು. ಅದರಲ್ಲಿ ಚಾಪ್ಮನ್ ಅವರದು ಹ್ಯಾಟ್ರಿಕ್. ಏಷ್ಯಾ ಮಟ್ಟದಲ್ಲಿ ಭಾರತದ ಕ್ಲಬ್ ಒಂದು ಇಂಥ ಗೆಲುವು ಕಂಡಿದ್ದು ಅಪರೂಪ. ಆಮೇಲೆ ಪಂಜಾಬಿನ ಜೆಸಿಟಿ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ಚಾಪ್ಮನ್ ಮೂವರೂ ಆ ತಂಡದಲ್ಲಿದ್ದರು. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ನಡೆದಾಗ ಚಾಂಪಿಯನ್ ಆಗಿದ್ದು ಜೆಸಿಟಿಯೇ. ಅಲ್ಲಿಂದ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಭಾರತ ತಂಡದ ನಾಯಕತ್ವವನ್ನೂ ವಹಿಸಿದರು. 2001ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು, ಅದಾದ ಮೇಲೆ ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು. ಅದೇ ಬೇಸಿಗೆಯಲ್ಲಿ ನಕಾಟಾ ಟ್ಯೂರಿನ್‌ನಲ್ಲಿ ಆ ಗೋಲು ಹೊಡೆದಿದ್ದರು.

ಆಮೇಲೆ ಊರೂರು ತಿರುಗಿ ಮಕ್ಕಳಿಗೆ, ಸಣ್ಣ ಕ್ಲಬ್ಬುಗಳಿಗೆ ತರಬೇತಿ ಕೊಟ್ಟರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 49. ಆ ದಿನ ಅವರ ಹೆಸರು ಎಲ್ಲೆಡೆ ಓಡಾಡಿತು. ಜೊತೆ ಆಡಿದವರು, ಕೋಲ್ಕತ್ತದ ಅಭಿಮಾನಿಗಳು, ಕ್ಲಬ್ಬುಗಳು ಎಲ್ಲರೂ ನೆನೆದರು. ಆ ನೆನಪಿನ ಜೊತೆ ಹಂಚಿಕೊಳ್ಳಲು ಜನರ ಕೈಯಲ್ಲಿ ಇದ್ದದ್ದು ಫೋಟೊಗಳು. ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಅಂಗಿ ತೊಟ್ಟು ನಿಂತದ್ದು, ಕಪ್ ಎತ್ತಿದ್ದು. ಅವರು ಚೆಂಡನ್ನು ಹೇಗೆ ಪಡೆಯುತ್ತಿದ್ದರು, ವಿಜಯನ್ ಓಡುವ ದಾರಿಯನ್ನು ಹೇಗೆ ಮೊದಲೇ ಊಹಿಸುತ್ತಿದ್ದರು ಎಂದು ತೋರಿಸಬಲ್ಲ ವಿಡಿಯೊ ಬೇಕೆಂದು ನಾನು ಹುಡುಕಿದೆ. ಸಿಕ್ಕಿದ್ದು ಮಸುಕು ಮಸುಕಾದ ಚೂರುಗಳು, ಅವೂ ಗೋಲಿನವು. ಹುಡುಗನಿಗೆ ಚಾಪ್ಮನ್ ಹೆಸರು ಹೇಳಿದೆ. ಅವನು ಟೈಪ್ ಮಾಡಿದ, ಬೆರಳಿನಿಂದ ಸ್ವಲ್ಪ ಹೊತ್ತು ಸರಿಸಿದ, ಮತ್ತೆ ನಕಾಟಾಗೆ ಹೋದ. ಅವನ ತಪ್ಪೇನೂ ಇಲ್ಲ, ನೋಡಲು ಏನಾದರೂ ಇರಬೇಕಲ್ಲ.

ಅಂದಿನ ಭಾರತದಲ್ಲಿ ನೋಡುವವರು ಕಡಿಮೆ ಇದ್ದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1997ರ ಜುಲೈ 13ರಂದು ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ನೋಡಲು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಸುಮಾರು 1.31 ಲಕ್ಷ ಜನ ಬಂದಿದ್ದರು. ಇಟಲಿಯ ಯಾವ ಕ್ರೀಡಾಂಗಣದಲ್ಲೂ ಅಷ್ಟು ಜನ ಹಿಡಿಸುವುದಿಲ್ಲ. ಜನ ಇದ್ದರು, ಪ್ರೀತಿ ಇತ್ತು, ಕ್ಯಾಮೆರಾಗಳೂ ಬರುತ್ತಿದ್ದವು. ಪಂದ್ಯ ಮುಗಿದ ಮೇಲೆ ಆ ಟೇಪನ್ನು ಜೋಪಾನ ಮಾಡುವ ರೂಢಿ ಬೆಳೆಯಲಿಲ್ಲ.

ಹಾಗೆಂದು ಎಲ್ಲವನ್ನೂ ಟೇಪಿನ ಮೇಲೆ ಹಾಕಿ ಕೈತೊಳೆದುಕೊಳ್ಳಲೂ ಆಗದು. ಅದೇ ಜೆಸಿಟಿ ತಂಡದ ವಿಜಯನ್ ಅವರನ್ನು ನೋಡಿ. ಅವರ ಆಟದ ವಿಡಿಯೊಗಳೂ ಹೇರಳವಾಗಿಲ್ಲ. ಆದರೆ ತ್ರಿಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದ ಹುಡುಗ ದೇಶದ ನಾಯಕನಾದ ಕಥೆಯನ್ನು ಮಲಯಾಳಿಗಳು ಹೇಳುವುದನ್ನು ನಿಲ್ಲಿಸಲೇ ಇಲ್ಲ. ಅವರ ಮೇಲೆ ಸಾಕ್ಷ್ಯಚಿತ್ರ ಬಂತು, ಸಿನಿಮಾಗಳಲ್ಲಿ ಪಾತ್ರ ಮಾಡಿದರು, 2019ರಲ್ಲಿ ತೆರೆಕಂಡ ತಮಿಳಿನ ಬಿಗಿಲ್ ಚಿತ್ರದಲ್ಲೂ ಕಾಣಿಸಿಕೊಂಡರು, 2025ರಲ್ಲಿ ಪದ್ಮಶ್ರೀ ಬಂತು. ಕೇರಳದ ಇಪ್ಪತ್ತರ ಹುಡುಗನಿಗೆ ವಿಜಯನ್ ಯಾರೆಂದು ಹೇಳಿಕೊಡಬೇಕಿಲ್ಲ. ದೃಶ್ಯ ಇಲ್ಲದ ಕಡೆ ಮಾತು ಆ ಜಾಗ ತುಂಬಿದೆ. ನಕಾಟಾ ಅವರಿಗೆ ಜಪಾನಿಯಲ್ಲಿ ಹೇಳುವವರಿದ್ದಾರೆ. ಅವರು ಇಟಾಲಿಯನ್ ಭಾಷೆಯನ್ನೂ ಚೆನ್ನಾಗಿ ಕಲಿತಿದ್ದರಿಂದ ಅಲ್ಲಿಯವರೂ ಅವರನ್ನು ತಮ್ಮವನೆಂದೇ ನೆನೆಯುತ್ತಾರೆ. ಚಾಪ್ಮನ್ ಬಗ್ಗೆ ಬಂಗಾಳಿಯಲ್ಲಿ ಸಿಗುವಷ್ಟು ಕನ್ನಡದಲ್ಲಿ ಸಿಗುವುದಿಲ್ಲ. ನಾವು ಅವರನ್ನು ಕೋಲ್ಕತ್ತಕ್ಕೆ ಕಳಿಸಿ ಸುಮ್ಮನಾಗಿಬಿಟ್ಟೆವು. ಇದು ನನಗೆ ನೋವಿನ ವಿಷಯ.

ಬೆಂಗಳೂರಿನ ಫುಟ್‌ಬಾಲ್ ಬೇರು ಆಳವಾದದ್ದು. ಹಲಸೂರಿನ ಗೌತಮಪುರಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೆಸಾ ಅವರ ಜೊತೆ ಪೆಲೆಯ ಪ್ರತಿಮೆಯೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ನಡು ಅಂಗಳ ಕಾದವರಲ್ಲಿ ಬೆಂಗಳೂರಿನ ಕೆಂಪಯ್ಯ ಒಬ್ಬರು. ಅಲ್ಲಿನ ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದ್ದು ಎಂದಾಕ್ಷಣ ಎಲ್ಲರೂ ಹೇಳುವುದು ಮುಂಬೈಯ ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್ಕನ್ನು. ಕೆಂಪಯ್ಯನವರ ಹೆಸರು ತಂಡದ ಪಟ್ಟಿಯಲ್ಲಿ ಮಾತ್ರ ಸಿಗುತ್ತದೆ. ಸ್ಟ್ರೈಕರ್‌ನ ಲೆಕ್ಕ ಅಂಕಿಯಲ್ಲಿ ಉಳಿಯುತ್ತದೆ, ಹಾಫ್‌ಬ್ಯಾಕ್‌ನದು ನೋಡಿದವರ ಕಣ್ಣಲ್ಲಿ. ಆ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಿವೆ.

ನಮ್ಮ ಕಡೆಯ ಮಾತಿಗೇ ಬಂದರೆ, ಇಂದು ಹಳ್ಳಿಯ ಹೊನಲು ಬೆಳಕಿನ ಕಬಡ್ಡಿ ಟೂರ್ನಿಗೆ ಹೋದರೆ ಅಂಗಳದ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಮೊಬೈಲ್ ನಿಂತಿರುತ್ತದೆ. ಯಾರೋ ಹುಡುಗರು ಯೂಟ್ಯೂಬ್‌ನಲ್ಲಿ ಲೈವ್ ಬಿಟ್ಟಿರುತ್ತಾರೆ. ರಾತ್ರಿಯಿಡೀ ನಡೆದ ಅಷ್ಟೂ ಪಂದ್ಯ, ಮೈಕಿನ ಕೂಗಾಟದ ಸಮೇತ, ಹಾಗೇ ಉಳಿಯುತ್ತದೆ. ರೇಡ್ ಹೋಗಿ ಪಾಯಿಂಟ್ ತರುವವನ ರೀಲ್ ಮರುದಿನ ಬೆಳಗ್ಗೆ ಎಲ್ಲರ ಸ್ಟೇಟಸ್‌ನಲ್ಲಿರುತ್ತದೆ. ಆದರೆ ಮೂಲೆಯಲ್ಲಿ ನಿಂತು, ಎದುರಾಳಿಯ ಕಾಲು ಯಾವಾಗ ನೆಲ ಬಿಡುತ್ತದೆ ಎಂದು ಕಾದು, ಕಣಕಾಲಿಗೆ ಕೈ ಹಾಕುವ ಹುಡುಗನೂ ಆ ವಿಡಿಯೊದಲ್ಲಿ ಪೂರ್ತಿಯಾಗಿ ಇದ್ದಾನೆ. ಮನಸ್ಸು ಮಾಡಿದರೆ ಯಾರು ಬೇಕಾದರೂ ಅವನ ಆಟವನ್ನು ಆರಿಸಿ ತೆಗೆಯಬಹುದು. ಭಾರತ ತಂಡದ ನಾಯಕನಿಗೆ ಸಿಗದ ಭಾಗ್ಯ ಹಳ್ಳಿಯ ಹುಡುಗನಿಗೆ ಸಿಕ್ಕಿದೆ ಎಂಬುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಲೈವ್ ಬಿಟ್ಟ ಹುಡುಗರಿಗೆ ನನ್ನದೊಂದೇ ವಿನಂತಿ: ಮುಗಿದ ಮೇಲೆ ಅಳಿಸಬೇಡಿ, ತಂಡದ ಹೆಸರು, ಆಟಗಾರರ ಹೆಸರು, ತಾರೀಖು ಕೆಳಗೆ ಕನ್ನಡದಲ್ಲಿ ಬರೆದಿಡಿ.

ಚಾಪ್ಮನ್ ವಿಷಯದಲ್ಲೂ ಕಾಲ ಮೀರಿಲ್ಲ. ಅವರೊಂದಿಗೆ ಆಡಿದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ, ಕೇಳಿದರೆ ಹೇಳುತ್ತಾರೆ. ಬೆಂಗಳೂರಿನಲ್ಲಿ ಅವರಿಂದ ಕಲಿತ ಹುಡುಗರಿದ್ದಾರೆ, ಮನೆಗಳಲ್ಲಿ ಪತ್ರಿಕೆಯ ತುಂಡುಗಳು, ಫೋಟೊಗಳು ಇರುತ್ತವೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಚಾನೆಲ್ ನಡೆಸುವ ಹುಡುಗರು ಮೆಸ್ಸಿ, ರೊನಾಲ್ಡೊ ಮಾತಿನ ನಡುವೆ ಒಂದು ವಾರ ಚಾಪ್ಮನ್‌ಗೆ ಕೊಟ್ಟರೆ ಕೇಳುವವರು ಖಂಡಿತ ಇದ್ದಾರೆ. ಎಲ್ಲಕ್ಕಿಂತ ಮುಖ್ಯ, ತೊಂಬತ್ತರ ದಶಕದ ಭಾರತೀಯ ಫುಟ್‌ಬಾಲ್ ಪಂದ್ಯಗಳನ್ನು ಪ್ರಸಾರ ಮಾಡಿದವರು ತಮ್ಮ ಗೋದಾಮುಗಳ ಬೀಗ ತೆಗೆದು ಒಮ್ಮೆ ನೋಡಬೇಕು. ಚಾಪ್ಮನ್ ಆಡಿದ ಒಂದೇ ಒಂದು ಪಂದ್ಯ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಹೊರಬಂದರೂ ಸಾಕು, ಅವರು ಚೆಂಡು ಮುಟ್ಟಿದ ಕ್ಷಣಗಳನ್ನು ಕತ್ತರಿಸಿ ಜೋಡಿಸುವ ಕೆಲಸವನ್ನು ಓಣಿಯ ಹುಡುಗರೇ ಒಂದು ರಾತ್ರಿಯಲ್ಲಿ ಮಾಡಿ ಮುಗಿಸುತ್ತಾರೆ.